ದೀಪ ಆರಿತು: ಕರೆಂಟ್ ಹೋಯಿತೋ, ಫೈಬರ್ ಕಡಿಯಿತೋ?

ಪ್ರಶ್ನೆ: ನಮ್ಮ ತಂದೆ ಮದ್ದೂರಿನಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದರು. ಈಗ ಮನೆಗಳಿಗೆ ಫೈಬರ್ ಇಂಟರ್‌ನೆಟ್ ಕೊಡುತ್ತಿದ್ದೇವೆ. ನಾನು ಬಿ.ಇ. ಮುಗಿಸಿದ್ದೇನೆ, ಫೈಬರ್ ಎಳೆ ಬೆಸೆಯುವ ಸ್ಪ್ಲೈಸಿಂಗ್ ಚೆನ್ನಾಗಿ ಬರುತ್ತದೆ, ಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ತಕ್ಕಮಟ್ಟಿಗೆ ಬರುತ್ತದೆ. ಬೇರೆ ಬೇರೆ ಕಂಪನಿಗಳ ಫೈಬರ್ ಪೆಟ್ಟಿಗೆಗಳನ್ನು ಒಂದೇ ಬಗೆಯಲ್ಲಿ ನಡೆಸುವ ವೋಲ್ತಾ ಎಂಬ ಮುಕ್ತ ತಂತ್ರಾಂಶಕ್ಕೆ ಅಡಾಪ್ಟರ್ ಬರೆಯುವುದನ್ನು ಕಲಿಯಬೇಕೆಂದಿದ್ದೇನೆ. ಕಲಿಕೆಗೆಂದು ಓಎಲ್‌ಟಿ (ಆಪರೇಟರ್ ಕಡೆಯ ಫೈಬರ್ ಪೆಟ್ಟಿಗೆ) ಕೊಳ್ಳುವ ಶಕ್ತಿಯಿಲ್ಲ. ಎಲ್ಲಿಂದ ಶುರುಮಾಡಲಿ?
– ಒಬ್ಬ ಓದುಗ, ಮದ್ದೂರು

ಉತ್ತರ: ಓಎಲ್‌ಟಿ ಕೊಳ್ಳಬೇಡಿ, ಅದರ ಅಗತ್ಯವೇ ಇಲ್ಲ. ಬಿಬಿಸಿಮ್ ಎಂಬ ಅನುಕರಣ ತಂತ್ರಾಂಶವಿದೆ. ಅದು ನಿಮ್ಮ ಲ್ಯಾಪ್‌ಟಾಪಿನೊಳಗೇ ಒಂದು ಓಎಲ್‌ಟಿಯಂತೆ, ಅದರ ಕೆಳಗಿನ ಹತ್ತಾರು ಓಎನ್‌ಯುಗಳಂತೆ (ಗ್ರಾಹಕರ ಮನೆಯಲ್ಲಿಡುವ ಫೈಬರ್ ಪೆಟ್ಟಿಗೆಗಳು) ನಡೆದುಕೊಳ್ಳುತ್ತದೆ. ಒಂದು ಆಜ್ಞೆ ಕೊಟ್ಟು ಬೇಕಾದ ಓಎನ್‌ಯುವನ್ನು ಆರಿಸಬಹುದು, ಮತ್ತೆ ಹಚ್ಚಬಹುದು. ಮೈಸೂರಿನ ಸರಸ್ವತೀಪುರಂನ ಬಾಡಿಗೆ ಕೋಣೆಯಲ್ಲಿ ನಾನು ಈ ಕೆಲಸ ಕಲಿತದ್ದು ಹೀಗೆಯೇ.

ಮೊದಲು ಅಡಾಪ್ಟರ್ ಏನು ಮಾಡುತ್ತದೆಂದು ತಿಳಿದುಕೊಳ್ಳಿ. ವೋಲ್ತಾದ ಕೋರ್, ಅಂದರೆ ಅದರ ಮುಖ್ಯ ಭಾಗ, ಆಡುವುದು ಗ್ರಂಥಸ್ಥ ಕನ್ನಡ ಎಂದುಕೊಂಡರೆ, ಒಂದೊಂದು ಪೆಟ್ಟಿಗೆಗೆ ತಿಳಿಯುವುದು ಅದರದರ ಊರಿನ ಮಾತು. ನಡುವೆ ನಿಂತು ಎರಡನ್ನೂ ಬಲ್ಲದ್ದು ಅಡಾಪ್ಟರ್. ಓಎಲ್‌ಟಿಗೆ ಒಂದು, ಓಎನ್‌ಯುಗೆ ಇನ್ನೊಂದು. ಓಎಲ್‌ಟಿ ಅಡಾಪ್ಟರ್ ಪೆಟ್ಟಿಗೆಯೊಳಗಿನ ಏಜೆಂಟ್ ಎಂಬ ತಂತ್ರಾಂಶದ ಜತೆ ಜಿಆರ್‌ಪಿಸಿ (ತಂತ್ರಾಂಶಗಳು ಪರಸ್ಪರ ಕರೆಯುವ ಒಂದು ವಿಧಾನ) ಮೂಲಕ ಮಾತಾಡುತ್ತದೆ. ಓಎನ್‌ಯು ಅಡಾಪ್ಟರ್ ಓಎಂಸಿಐ ಸಂದೇಶಗಳನ್ನು, ಅಂದರೆ ಓಎನ್‌ಯುವನ್ನು ನಡೆಸುವ ಆಜ್ಞೆಗಳನ್ನು, ಕಟ್ಟುತ್ತದೆ. ಮೂಲ ರೂಪದಲ್ಲಿ ಒಂದೊಂದೂ 48 ಬೈಟ್. ಅವು ಓಎಲ್‌ಟಿ ಹಾದು, ನೀವು ಕೈಯಾರೆ ಬೆಸೆದ ಆ ಎಳೆಯಲ್ಲೇ ಮನೆ ಸೇರುತ್ತವೆ.

ಕೋಡ್ ಇಳಿಸಿಕೊಂಡು ಮೇಕ್ ಬಿಲ್ಡ್ ಎಂಬ ಆಜ್ಞೆ ಕೊಟ್ಟರೆ ಡಾಕರ್ ಇಮೇಜ್ (ನೇರ ಓಡಿಸಬಹುದಾದ ತಂತ್ರಾಂಶದ ಕಟ್ಟು) ಸಿದ್ಧ. ಅದು ಸಲೀಸು. ತೊಡಕು ಶುರುವಾಗುವುದು ಕೋಡ್ ಬದಲಿಸಹೊರಟಾಗ. ಕೋರ್ ಮತ್ತು ಅಡಾಪ್ಟರ್ ನಡುವಿನ ಸಂದೇಶಗಳ ರೂಪ ಹೇಳುವ ಪ್ರೋಟೋ ಕಡತದಲ್ಲಿ ನಾನು ಒಂದೇ ಒಂದು ಹೊಸ ಅಂಶ ಸೇರಿಸಿದ್ದೆ. ಅಂಥದ್ದು ಇಲ್ಲವೇ ಇಲ್ಲ ಎಂದು ಬಿಲ್ಡ್ ನಿಂತುಹೋಗುತ್ತಿತ್ತು. ಕಣ್ಣೆದುರೇ ಇದೆ, ಇಲ್ಲ ಅನ್ನುತ್ತದೆ! ಎರಡು ದಿನ ಹುಡುಕಿದ ಮೇಲೆ ತಿಳಿಯಿತು: ಅಡಾಪ್ಟರ್ ನೋಡುತ್ತಿದ್ದದ್ದು ನಾನು ತಿದ್ದಿದ ಕಡತವನ್ನಲ್ಲ, ಹೊರಗಿನ ಕೋಡಿನ ಪ್ರತಿಗಳನ್ನಿಡುವ ತನ್ನ ವೆಂಡರ್ ಕೋಶದಲ್ಲಿದ್ದ ಹಳೆಯ ಪ್ರತಿಯನ್ನು. ತಿದ್ದಿದ ಪ್ರೋಟೋದಿಂದ ಗೋ ಕೋಡನ್ನು ಮತ್ತೆ ಹುಟ್ಟಿಸಿ, ಆ ಪ್ರತಿಯನ್ನು ವೆಂಡರ್ ಕೋಶಕ್ಕೆ ತಂದು, ಬಳಿಕ ಬಿಲ್ಡ್ ಮಾಡಬೇಕು. ಹೀಗೆ ಪ್ರತಿ ತರಲೆಂದೇ ಬಿಲ್ಡ್ ಆಜ್ಞೆಗಳ ಕಡತವಾದ ಮೇಕ್‌ಫೈಲಿನಲ್ಲಿ ಲೋಕಲ್-ಪ್ರೋಟೋಸ್ ಎಂಬ ಗುರಿ (ಟಾರ್ಗೆಟ್) ಇದೆ. ಕೋರ್ ಮತ್ತು ಅಡಾಪ್ಟರ್ ಎರಡೂ ಒಂದೇ ಪ್ರೋಟೋ ನಂಬಿವೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಈಗ ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು. ಓಎನ್‌ಯು ಮೇಲೆದ್ದು ಇಂಟರ್‌ನೆಟ್ ಬಂದರೆ ಅಡಾಪ್ಟರ್ ಮುಗಿಯಿತು ಎಂದು ಹೊಸಬರು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಕರೆಂಟ್ ಹೋದಾಗ ಓಎನ್‌ಯುವಿನ ಕೆಪಾಸಿಟರಿನಲ್ಲಿ ಕ್ಷಣಮಾತ್ರ ವಿದ್ಯುತ್ ಉಳಿದಿರುತ್ತದೆ. ಅಷ್ಟರಲ್ಲೇ ಅದು ‘ನನಗೆ ವಿದ್ಯುತ್ ತಪ್ಪಿತು’ ಎಂದು ಓಎಲ್‌ಟಿಗೆ ಹೇಳಿ ಆರುತ್ತದೆ. ಇದಕ್ಕೆ ಡೈಯಿಂಗ್ ಗ್ಯಾಸ್ಪ್ ಎನ್ನುತ್ತಾರೆ. ಫೈಬರ್ ಕಡಿದರೆ ಹಾಗೆ ಹೇಳುವ ದಾರಿಯೇ ಇರುವುದಿಲ್ಲ. ಓಎಲ್‌ಟಿಗೆ ಬೆಳಕು ನಿಂತದ್ದಷ್ಟೇ ಕಾಣುತ್ತದೆ. ನನ್ನ ಮೊದಲ ಅಡಾಪ್ಟರ್ ಎರಡನ್ನೂ ‘ಸಂಪರ್ಕವಿಲ್ಲ’ ಎಂಬ ಒಂದೇ ಎಚ್ಚರಿಕೆಯಾಗಿ ಮೇಲೆ ಕಳಿಸುತ್ತಿತ್ತು. ಒಂದು ಮಳೆಯ ರಾತ್ರಿ, ಮಂಡ್ಯದ ಹತ್ತಿರ, ಪರೀಕ್ಷೆಗೆಂದು ಅದನ್ನು ಹಾಕಿಕೊಂಡಿದ್ದ ಆಪರೇಟರ್‌ನ ಹುಡುಗ ಸ್ಪ್ಲೈಸಿಂಗ್ ಮಷಿನ್ ಹೊತ್ತು ವಿ.ಸಿ. ನಾಲೆಯ ಏರಿಯ ಮೇಲೆ ಕಡಿತ ಹುಡುಕುತ್ತ ನಡೆದಿದ್ದ. ಎಲ್ಲಿಯೂ ಕಡಿದಿರಲಿಲ್ಲ. ಊರಿನ ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ಬೆಳಿಗ್ಗೆ ಫೋನಿನಲ್ಲಿ ಅವನ ದನಿ ಕೇಳಿದ ಮೇಲೆ ನಾನು ಮೊದಲು ತಿದ್ದಿದ್ದು ಆ ಸಾಲುಗಳನ್ನು.

ಆದ್ದರಿಂದ ಬಿಬಿಸಿಮ್‌ನಲ್ಲಿ ಒಂದು ಓಎನ್‌ಯು ಎದ್ದ ದಿನವೇ ಅದನ್ನು ಆರಿಸಿ ನೋಡಿ. ಆಮೇಲೆ ಮೂವತ್ತೆರಡು ಓಎನ್‌ಯುಗಳನ್ನು ಎಬ್ಬಿಸಿ, ಎಲ್ಲವನ್ನೂ ಒಟ್ಟಿಗೆ ಆರಿಸಿ, ಒಟ್ಟಿಗೆ ಹಚ್ಚಿ. ಕರೆಂಟ್ ಮರಳಿದಾಗ ನಿಮ್ಮೂರಿನಲ್ಲಿ ಆಗುವುದು ಅದೇ. ಆಗ ಒಂದೊಂದೂ ತನ್ನ ಎಂಐಬಿಯನ್ನು, ಅಂದರೆ ತನ್ನೊಳಗೆ ಏನೇನಿದೆ ಎಂಬ ಪಟ್ಟಿಯನ್ನು, ಪೂರ್ತಿ ಒಪ್ಪಿಸತೊಡಗಿದರೆ ಹೊತ್ತು ಹಿಡಿಯುತ್ತದೆ. ಅದಕ್ಕೇ ಒಂದೇ ಮಾದರಿಯ ಓಎನ್‌ಯುಗಳಿಗೆ ಮೊದಲನೆಯದರ ಪಟ್ಟಿಯ ಪ್ರತಿಯನ್ನು ಇಟಿಸಿಡಿ ಎಂಬ ದತ್ತಸಂಗ್ರಹದಲ್ಲಿಟ್ಟು ಬಳಸುವ ಏರ್ಪಾಡಿದೆ. ಕೊನೆಗೆ ಅಡಾಪ್ಟರನ್ನೇ ನಿಲ್ಲಿಸಿ ಮತ್ತೆ ಶುರುಮಾಡಿ. ಗ್ರಾಹಕರ ಇಂಟರ್‌ನೆಟ್ ಒಂದು ಕ್ಷಣವೂ ನಿಲ್ಲಬಾರದು. ಎದ್ದ ಅಡಾಪ್ಟರ್ ಹಿಂದೆ ಎಲ್ಲಿ ನಿಂತಿತ್ತೆಂಬುದನ್ನು ತಾನೇ ನೆನಪು ಮಾಡಿಕೊಳ್ಳಬೇಕು. ಪವರ್ ಮೀಟರ್ ಹಿಡಿದು, ಬೆಳಕು ಕುಗ್ಗಿ ಮೈನಸ್ 27 ಡಿಬಿಎಂ ಹತ್ತಿರ ಬಂತಲ್ಲಾ ಎಂದು ಕಳವಳಪಟ್ಟ ಅನುಭವ ನಿಮಗಿದೆ. ನನ್ನ ಜತೆಗೆ ಕೋಡ್ ಬರೆಯುವ ಎಷ್ಟೋ ಜನರಿಗೆ ಅದಿಲ್ಲ.

ಪ್ರಶ್ನೆ: ಓಎಂಸಿಐಗೆ ಜಿ.988 ಎಂಬ ಮಾನದಂಡವಿದ್ದರೂ ಒಂದು ಕಂಪನಿಯ ಓಎನ್‌ಯು ಇನ್ನೊಂದರ ಓಎಲ್‌ಟಿಗೆ ಏಕೆ ಹೊಂದುವುದಿಲ್ಲ?
– ಓದುಗರು, ವಿಜಯನಗರ, ಮೈಸೂರು

ಉತ್ತರ: ಓಎಂಸಿಐಯಲ್ಲಿ ಓಎನ್‌ಯುವಿನ ಒಂದೊಂದು ಬಗೆಯ ಅಂಶಕ್ಕೂ ಒಂದು ವರ್ಗಸಂಖ್ಯೆ ಇರುತ್ತದೆ. ಮಾನದಂಡವೇ 240ರಿಂದ 255, 350ರಿಂದ 399ರವರೆಗಿನ ವರ್ಗಸಂಖ್ಯೆಗಳನ್ನು ತಯಾರಕರಿಗೆ ಬಿಟ್ಟುಕೊಟ್ಟಿದೆ. ಅಲ್ಲಿ ಅವರವರು ತಮ್ಮ ತಮ್ಮ ಅಂಶಗಳನ್ನು ಇಟ್ಟುಕೊಳ್ಳುತ್ತಾರೆ, ಅವು ಇನ್ನೊಬ್ಬರ ಓಎಲ್‌ಟಿಗೆ ತಿಳಿಯುವುದಿಲ್ಲ. ಸಾಧನದ ಹಿಂಬದಿಯ ಸೀರಿಯಲ್ ಸಂಖ್ಯೆ ನೋಡಿ. ಮೊದಲ ನಾಲ್ಕು ಅಕ್ಷರಗಳು ತಯಾರಕರ ಗುರುತು. ಲಾಗ್ ಓದುವಾಗ ನಾನು ಮೊದಲು ಹುಡುಕುವುದು ಆ ನಾಲ್ಕು ಅಕ್ಷರಗಳನ್ನೇ.