ಮುಂದಿನ ಸೀಟು ತೊಯ್ದು ಹಿಂದಿನದು ಒಣಗೇ ಉಳಿಯುವುದು ಹೇಗೆ?

ಅಕ್ಕಾವ್ರೆ, ಅಮ್ಯೂಸ್‌ಮೆಂಟ್ ಪಾರ್ಕಿನ ರೈಡಿನಲ್ಲಿ ದೋಣಿ ಎತ್ತರದ ಇಳಿಜಾರಿನಿಂದ ಕೆಳಗಿನ ನೀರಿಗೆ ಧುಮುಕಿದಾಗ ಗೋಡೆಯಷ್ಟು ನೀರು ಎದ್ದರೂ ಹಿಂದೆ ಕೂತ ಅವ್ವನ ಸೀರೆ ತೊಯ್ಯಲಿಲ್ಲ, ಮುಂದೆ ಕೂತ ಮಗ ಪೂರ್ತಿ ತೊಯ್ದ, ಹೇಗೆ ಅಂತ ಕೇಳಿದ್ದೀರಿ. ಅದು ಸುಮ್ನೆ ಆಗಿದ್ದಲ್ಲ, ದೋಣಿಯನ್ನು ಹಾಗೇ ಮಾಡಿರುತ್ತಾರೆ.

ನಮ್ಮ ಬಾಗಲಕೋಟೆಯಲ್ಲಿ ಜೋರು ಮಳೆ ಬಂದು ರಸ್ತೆಯಲ್ಲಿ ನೀರು ನಿಂತಾಗ ಟಂಟಂ ಆಟೋ ಹೋಗುವುದನ್ನು ನೋಡಿದ್ದೀರಿ ಅಲ್ವಾ? ಒಳಗಿದ್ದವರಿಗೆ ಹನಿ ನೀರಿಲ್ಲ, ಪಕ್ಕದ ಸೈಕಲ್ಲಿನವನಿಗೆ ಸ್ನಾನ. ಗಾಲಿ ನೀರನ್ನು ಪಕ್ಕಕ್ಕೆ ಒತ್ತುತ್ತದೆ, ಮೇಲೆ ಹಾರಿದ್ದನ್ನು ಮಡ್‌ಗಾರ್ಡ್ ತಡೆಯುತ್ತದೆ. ದೋಣಿಯ ಮೂತಿಯೂ ಇದನ್ನೇ ಮಾಡುತ್ತದೆ. ಅದರ ಅಂಚು ಹೊರಕ್ಕೆ ಬಾಗಿರುತ್ತದೆ, ಎದ್ದ ನೀರು ಎರಡೂ ಕಡೆ ಹೊರಗೆ ಹೋಗುತ್ತದೆ. ಅದು ಕೆಳಗೆ ಬೀಳುವ ಹೊತ್ತಿಗೆ ದೋಣಿ ಮುಂದೆ ಓಡಿರುತ್ತದೆ. ಅದಕ್ಕೇ ಎದುರಿನ ಸೇತುವೆ ಮೇಲೆ ನಿಂತು ನೋಡುವವರು ಎಷ್ಟೋ ಸಲ ಕೂತವರಿಗಿಂತ ಜಾಸ್ತಿ ತೊಯ್ಯುತ್ತಾರೆ.

ಕೆಳಗಿನ ನೀರಿನ ಆಳವೂ ಮುಖ್ಯ. ಆಳ ಜಾಸ್ತಿಯಾದರೆ ಮೂತಿ ಮುಳುಗಿ ನೀರು ಜೋರಾಗಿ ಚಿಮ್ಮುತ್ತದೆ. ಹಾಗಂತ ತೀರಾ ಕಡಿಮೆ ಮಾಡುವ ಹಾಗೂ ಇಲ್ಲ. ಎಷ್ಟೋ ರೈಡುಗಳಲ್ಲಿ ದೋಣಿಗೆ ಬ್ರೇಕ್ ಅಂದರೆ ಆ ನೀರೇ.

ಇನ್ನು ಭಾರ. ದಪ್ಪ ಇರುವವರೆಲ್ಲ ಮುಂದೆ ಕೂತರೆ ಮೂತಿ ತಗ್ಗುತ್ತದೆ, ಮುಂದಿನ ಸಾಲಿನ ಮಡಿಲಿಗೇ ನೀರು ಬರುತ್ತದೆ. ಮುಂದಿನ ಸಲ ಅವ್ವನನ್ನು ನಡುವೆ ಇಲ್ಲವೇ ಹಿಂದೆ ಕೂರಿಸಿ. ಆದರೆ ರೈಡ್ ನಡೆಸುವವರು ಯಾರನ್ನಾದರೂ ಬೇರೆ ಸೀಟಿಗೆ ಕಳಿಸಿದರೆ ವಾದ ಮಾಡಬೇಡಿ, ಅವರು ತೂಕ ಸರಿದೂಗಿಸುತ್ತಿರುತ್ತಾರೆ.