ಶಾಸನ, ನಕ್ಷತ್ರ, ಹಕ್ಕಿ: ಒಂದು ವರ್ಷದ ಸ್ವಂತ ಕಲಿಕೆಗೆ ವೇಳಾಪಟ್ಟಿ ಹೇಗಿರಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಯುಗಾದಿಯಿಂದ ಒಂದು ವರ್ಷ ನೀವು ಕೆಲಸಕ್ಕೆ ಹೋಗುವುದಿಲ್ಲ. ಯಾವ ಕೋರ್ಸಿಗೂ ಸೇರದೆ ಹಳೆಯ ಶಾಸನ ಓದುವುದು, ನಕ್ಷತ್ರ ಗುರುತಿಸುವುದು, ಹಕ್ಕಿ ನೋಡುವುದು, ಈ ಮೂರನ್ನು ಕಲಿಯುವ ಮನಸ್ಸಿದೆ. ಒಂದೊಂದಕ್ಕೂ ದಿನಕ್ಕೆ ಎರಡು ಗಂಟೆಯಂತೆ ಹಂಚಿದ್ದೀರಿ. ಇದು ನಡೆಯುತ್ತದೆಯೇ ಎಂದು ಕೇಳಿದ್ದೀರಿ.

ನಡೆಯುವುದು ಕಷ್ಟ. ನಿವೃತ್ತಿಯಾದ ಮೇಲೆ ನಾನೂ ಹೆಚ್ಚುಕಡಿಮೆ ಇದೇ ಹಾದಿ ಹಿಡಿದವನು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಗಣಿತದ ಪುಸ್ತಕವನ್ನು ಯಾವ ತಿಂಗಳಲ್ಲಾದರೂ ತೆರೆಯಬಹುದು, ಆಕಾಶವನ್ನು ತೆರೆಯಲಾಗುವುದಿಲ್ಲ. ಜುಲೈನಲ್ಲಿ ಮೋಡ ಬಿಡುವುದಿಲ್ಲ, ಮೇ ತಿಂಗಳಲ್ಲಿ ವಲಸೆ ಹಕ್ಕಿಗಳು ಇರುವುದಿಲ್ಲ, ಮಳೆ ಮುಗಿದ ಹೊಸತರಲ್ಲಿ ಊರಾಚೆಯ ವೀರಗಲ್ಲು ಎದೆಮಟ್ಟದ ಹುಲ್ಲಿನೊಳಗೆ ಮುಳುಗಿರುತ್ತದೆ. ಗಂಟೆಗಳನ್ನು ಹಂಚುವ ಬದಲು ತಿಂಗಳುಗಳನ್ನು ಹಂಚಿಕೊಳ್ಳಿ. ಯಾವುದು ಯಾವಾಗ ಸಿಗುತ್ತದೆಯೋ ಆಗ ಅದಕ್ಕೆ ಪೂರ್ತಿ ಒಪ್ಪಿಸಿಕೊಳ್ಳಿ.

ಎರಡನೆಯ ಮಾತು, ಮೂರರಲ್ಲಿ ಒಂದನ್ನು ಬೆನ್ನೆಲುಬಾಗಿ ಇಟ್ಟುಕೊಳ್ಳಿ. ನನ್ನ ಆಯ್ಕೆ ಶಾಸನ. ಗುರುವಿಲ್ಲದೆ ಕಲಿಯುವವರಿಗೆ ದೊಡ್ಡ ತೊಡಕು ಎಂದರೆ ತಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯದಿರುವುದು. ಶಾಸನದಲ್ಲಿ ಆ ತೊಡಕು ಬಹುಮಟ್ಟಿಗೆ ಇಲ್ಲ. ಶಾಸನತಜ್ಞ ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ, ಮೂರೂ ಇವೆ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕಲ್ಲಿನ ಮುಂದೆ ಕುಳಿತು ನೀವೇ ಓದಿ ಬರೆದುಕೊಳ್ಳಿ, ಮನೆಗೆ ಬಂದು ಸಂಪುಟ ತೆರೆದು ತಾಳೆ ನೋಡಿ. ತಿದ್ದುವವರು ನೂರು ವರ್ಷದ ಹಿಂದೆಯೇ ತಿದ್ದಿಟ್ಟು ಹೋಗಿದ್ದಾರೆ. ಆದರೆ ಈ ಕ್ರಮ ಮಾತ್ರ ತಲೆಕೆಳಗಾಗಬಾರದು. ಅಚ್ಚಾದ ಪಾಠ ಮೊದಲೇ ಕಣ್ಣಿಗೆ ಬಿದ್ದರೆ ಕಲ್ಲಿನಲ್ಲಿ ಇಲ್ಲದ ಅಕ್ಷರವೂ ಕಾಣಿಸತೊಡಗುತ್ತದೆ.

ಎಲ್ಲಿಂದ ಶುರು ಮಾಡುವುದು? ಎಲ್ಲರೂ ಹಲ್ಮಿಡಿಗೆ ಕೈ ಹಾಕುತ್ತಾರೆ. ಸುಮಾರು ಕ್ರಿ.ಶ. 450ರ ಆ ಶಾಸನ ನಮ್ಮ ಹೆಮ್ಮೆ ನಿಜ, ಆದರೆ ಮೊದಲ ಪಾಠಕ್ಕೆ ತಕ್ಕುದಲ್ಲ. ಕಾಲದಲ್ಲಿ ಹಿಂದಕ್ಕೆ ನಡೆಯಿರಿ: ಮೊದಲು ವಿಜಯನಗರ ಕಾಲ, ಆಮೇಲೆ ಹೊಯ್ಸಳರು, ಆಮೇಲೆ ಗಂಗರು, ರಾಷ್ಟ್ರಕೂಟರು. ವಿಜಯನಗರದ ಅಕ್ಷರಗಳು ಇಂದಿನವಕ್ಕೆ ಹತ್ತಿರ, ಸ್ವಲ್ಪ ಹೊತ್ತು ದಿಟ್ಟಿಸಿದರೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಹಿಂದೆ ಹೋದಂತೆ ‘ಮ’ ಮತ್ತು ‘ವ’ ಗೊಂದಲ ಹುಟ್ಟಿಸುತ್ತವೆ. ‘ಎ’ಕಾರ ‘ಏ’ಕಾರಗಳ ವ್ಯತ್ಯಾಸವನ್ನು ಸಾಮಾನ್ಯವಾಗಿ ತೋರಿಸಿರುವುದಿಲ್ಲ, ಅರ್ಥದಿಂದ ಊಹಿಸಬೇಕು. ‘ಧರ್ಮ’ ಎಂಬುದನ್ನು ‘ಧರ್ಮ್ಮ’ ಎಂದೂ ‘ಸರ್ವ’ ಎಂಬುದನ್ನು ‘ಸರ್ವ್ವ’ ಎಂದೂ ಕೆತ್ತಿರುತ್ತಾರೆ. ಅದು ಅಂದಿನ ರೂಢಿ, ಕೆತ್ತಿದವನ ತಪ್ಪಲ್ಲ. ಇಂದು ಬಳಕೆಯಲ್ಲಿಲ್ಲದ ‘ಱ’, ‘ೞ’ ಅಕ್ಷರಗಳು ಎದುರಾದಾಗ ನಿಮಗಾಗುವ ಸಂತೋಷವನ್ನು ನಾನು ಈಗಲೇ ಹೇಳಿ ಕೆಡಿಸುವುದಿಲ್ಲ.

ಹೋಗುವ ಹೊತ್ತು ಬಹಳ ಮುಖ್ಯ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಲ್ಲು ಬರೀ ಕಲ್ಲು. ಮುಂಜಾನೆ ಅಥವಾ ಇಳಿಹೊತ್ತಿನಲ್ಲಿ ಬೆಳಕು ಪಕ್ಕದಿಂದ ಹಾಯುವಾಗ ಪ್ರತಿ ಗೀರಿನ ಒಂದು ಅಂಚು ಕಪ್ಪಾಗಿ ಅಕ್ಷರ ಎದ್ದು ನಿಲ್ಲುತ್ತದೆ. ಕತ್ತಲಾದರೆ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ಒರಗಿಸಿ ಹಿಡಿಯಿರಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗಲಿ. ದಯವಿಟ್ಟು ಸೀಮೆಸುಣ್ಣ ತಿಕ್ಕಬೇಡಿ, ತಂತಿಬ್ರಷ್ ಹಾಕಬೇಡಿ. ಸಾವಿರ ವರ್ಷ ಮಳೆಗಾಳಿಗೆ ನಿಂತ ಕಲ್ಲು ನಮ್ಮ ಕುತೂಹಲಕ್ಕೆ ಸವೆಯಬಾರದು.

ಈಗ ತಿಂಗಳುಗಳು. ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲು ಒಣಗಿರುತ್ತದೆ, ಬೆಳಗಿನ ಹೊತ್ತು ಹತ್ತಿರದ ಕಲ್ಲುಗಳನ್ನು ಹುಡುಕಿಕೊಂಡು ಹೋಗಿ. ಮೇ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣ ದಿಕ್ಕಿನಲ್ಲಿ ತಗ್ಗಿನಲ್ಲೇ ತ್ರಿಶಂಕು, ಎಂದರೆ ಶಿಲುಬೆಯಾಕಾರದ ನಕ್ಷತ್ರಗಳ ಗುಂಪು, ನೆಟ್ಟಗೆ ನಿಂತಿರುತ್ತದೆ. ದೆಹಲಿಯವರಿಗೆ ಅದು ಸಲೀಸಾಗಿ ಸಿಗದು, ನಮಗೆ ಸಿಗುತ್ತದೆ, ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಕೆಲಸ. ದಿನಕ್ಕೊಂದು ಗಂಟೆ ಅಕ್ಷರಗಳನ್ನು ಕೈಯಿಂದ ನಕಲು ಮಾಡುವುದು, ಹಳಗನ್ನಡದ ವಿಭಕ್ತಿ, ಕ್ರಿಯಾರೂಪಗಳನ್ನು ಓದುವುದು. ಇಡೀ ವರ್ಷದಲ್ಲಿ ನಿಗದಿತ ಗಂಟೆ ಬೇಕಾಗುವುದು ಈ ನಾಲ್ಕು ತಿಂಗಳಿಗೆ ಮಾತ್ರ.

ಮಳೆಗಾಲದಲ್ಲಿ ಆಕಾಶ ಕಾಣದಿದ್ದರೂ ಅದರ ಲೆಕ್ಕ ಕಲಿಯಬಹುದು. ಮೃಗಶಿರಾ ಮಳೆ, ಆರಿದ್ರಾ ಮಳೆ ಎನ್ನುತ್ತೇವಲ್ಲ, ಸೂರ್ಯ ಆಯಾ ನಕ್ಷತ್ರದ ಭಾಗದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳು ಅವು. ಎಂದರೆ ಜೂನ್‌ನಲ್ಲಿ ಮೃಗಶಿರಾ ಮಳೆ ಸುರಿಯುವಾಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ, ಮೋಡವಿಲ್ಲದಿದ್ದರೂ ಕಾಣದು. ತಿಂಗಳ ಹೆಸರು ಇದಕ್ಕೆ ತದ್ವಿರುದ್ಧ: ಹುಣ್ಣಿಮೆಯ ಚಂದ್ರ ಯಾವ ನಕ್ಷತ್ರದ ಬಳಿ ಇರುತ್ತಾನೋ ಅದರ ಹೆಸರು ಆ ಮಾಸಕ್ಕೆ. ಕಾರ್ತಿಕದಲ್ಲಿ ಕೃತ್ತಿಕೆ, ಮಾರ್ಗಶಿರದಲ್ಲಿ ಮೃಗಶಿರಾ ರಾತ್ರಿಯಿಡೀ ಆಕಾಶದಲ್ಲಿರುತ್ತವೆ. ಹುಣ್ಣಿಮೆಯ ಬೆಳಕು ಸಣ್ಣ ನಕ್ಷತ್ರಗಳನ್ನು ನುಂಗುವುದರಿಂದ ನಾಲ್ಕೈದು ದಿನ ಬಿಟ್ಟು ನೋಡಿ. ನಮ್ಮ ಅಜ್ಜಂದಿರ ಪಂಚಾಂಗವೇ ನಿಮ್ಮ ವೇಳಾಪಟ್ಟಿ. ಹೊಸದೊಂದನ್ನು ಕಂಪ್ಯೂಟರಿನಲ್ಲಿ ಹಾಕುತ್ತ ಕೂರಬೇಕಿಲ್ಲ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಅದೇ ನಿಮ್ಮ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ ಸುಮಾರು 13, ಬೀದರ್‌ನಲ್ಲಿ ಸುಮಾರು 18. ಒಂದು ಕೋನಮಾಪಕ, ದಾರ, ತೂಕದ ಕಲ್ಲು ಇದ್ದರೆ ನೀವೇ ಅಳೆಯಬಹುದು. ಫೆಬ್ರವರಿ ಸಂಜೆಗಳಲ್ಲಿ ದಕ್ಷಿಣಕ್ಕೆ ತಿರುಗಿದರೆ ಅಗಸ್ತ್ಯ ನಕ್ಷತ್ರ.

ಹಕ್ಕಿಗಳ ಮಾತನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಮನೆಯ ಹತ್ತಿರದ ಕೆರೆಯೊಂದನ್ನು ಬಿಡದೆ ನೋಡುವುದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ದೂರ ಹೋಗುವುದಾದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ, ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಊರೊಳಗಿನ ಮರಗಳ ಮೇಲೆಯೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟಿರುತ್ತವೆ.

ಅದೇ ತಾಲ್ಲೂಕಿನ ಆತಕೂರಿನ ಕಲ್ಲು ವರ್ಷದ ಕೊನೆಗೆ ನಿಮ್ಮ ಪರೀಕ್ಷೆಯಾಗಲಿ. ಕ್ರಿ.ಶ. 949-50ರ ಈ ಶಾಸನದ ಮೂಲ ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತದ್ದನ್ನು ಹೇಳುವ ಅದೇ ಕಲ್ಲು, ಗಂಗರ ಅರಸ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದಾಗ ವೀರ ಮಣಲೆರ ಅರಸನ ಬೇಟೆನಾಯಿ ಕಾಳಿಯನ್ನು ಕೇಳಿ ಪಡೆದದ್ದನ್ನೂ, ಆ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತದ್ದನ್ನೂ ಹೇಳುತ್ತದೆ. ಮೇಲೆ ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ್ದಾರೆ. ಪೂರ್ತಿ ಓದಲಾಗದಿದ್ದರೂ ಚಿಂತೆಯಿಲ್ಲ. ಹತ್ತು ಶತಮಾನ ಹಿಂದಿನ ಒಂದು ಸಾಲನ್ನು ಯಾರ ನೆರವೂ ಇಲ್ಲದೆ ಓದಿ, ಸಂಪುಟದೊಡನೆ ತಾಳೆಯಾದರೆ, ನೀವು ಉತ್ತೀರ್ಣರು.

ನಿಮ್ಮ ತಾಲ್ಲೂಕು ಯಾವುದೆಂದು ಬರೆದಿಲ್ಲ. ತಿಳಿಸಿದರೆ, ಬಸ್ಸಿನಲ್ಲಿ ಹೋಗಿ ಬರಬಹುದಾದ, ಅಕ್ಷರ ಸವೆಯದ ಎರಡು ಮೂರು ಶಾಸನಗಳನ್ನು ಸಂಪುಟದಲ್ಲಿ ನೋಡಿ ಸೂಚಿಸುತ್ತೇನೆ.