ಬಾಣ ನಾಟಿದಾಗ ನಗುವ ಹುಡುಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೊಬೈಲಿನಲ್ಲಿ ಬಿಲ್ಲುಗಾರಿಕೆಯ ಆಟವಾಡುವಾಗ, ಎದುರಾಳಿಯ ತಲೆಗೆ ಬಾಣ ನಾಟಿದಾಗಲೆಲ್ಲ ಗಹಗಹಿಸಿ ನಗುತ್ತಾನೆಂಬ ಕಾರಣಕ್ಕೆ 14 ವರ್ಷದ ಬಾಲಕನನ್ನು ಹೆತ್ತವರು ಕರೆತಂದಿದ್ದರು. ಮಗನ ಮನಸ್ಸು ಕಲ್ಲಾಗುತ್ತಿದೆಯೇ ಎಂಬುದು ತಾಯಿಯ ಆತಂಕ. ಗಣಿತದಲ್ಲಿ ಹಿಂದೆ ಬಿದ್ದಿರುವುದನ್ನು ತಂದೆ ಕೊನೆಯಲ್ಲಿ, ಬೇಸರದಿಂದಲೇ, ಸೇರಿಸಿದರು.

ಆಟವನ್ನು ನನ್ನೆದುರೇ ಆಡಲು ಹೇಳಿದೆ. ಪರದೆಯ ಮೇಲೆ ಬೆರಳಿಟ್ಟು ಹಿಂದಕ್ಕೆಳೆದರೆ ಬಿಲ್ಲು ಬಾಗುತ್ತದೆ; ಬೆರಳು ತೆಗೆದರೆ ಬಾಣವು ಗುರುತ್ವಾಕರ್ಷಣೆಗೆ ಒಳಗಾಗಿ ಬಾಗಿದ ಪಥದಲ್ಲಿ ಸಾಗುತ್ತದೆ. ಆದರೆ ಬಿಲ್ಲುಗಾರನೇ ನೆಟ್ಟಗೆ ನಿಲ್ಲಲಾರ, ಬಟ್ಟೆಯ ಗೊಂಬೆಯ ಹಾಗೆ ಜೋಲಾಡುತ್ತಾನೆ. ಅವನು ಬೀಳುವ ರೀತಿಯನ್ನು ಯಾರೂ ಮೊದಲೇ ಚಿತ್ರಿಸಿಟ್ಟಿರುವುದಿಲ್ಲ. ದೇಹದ ತೂಕ, ವೇಗ, ಕೀಲುಗಳ ಲೆಕ್ಕವನ್ನು ತಂತ್ರಾಂಶವು ಆಯಾ ಕ್ಷಣದಲ್ಲೇ ಮಾಡುವುದರಿಂದ ಒಮ್ಮೆ ಬಿದ್ದಂತೆ ಇನ್ನೊಮ್ಮೆ ಬೀಳುವುದು ಅಪರೂಪ. ನಗು ಹುಟ್ಟುವುದು ಅಲ್ಲಿಂದ. ಬಾಲಕ ಅತಿ ಹೆಚ್ಚು ನಕ್ಕದ್ದು ತನ್ನದೇ ಬಿಲ್ಲುಗಾರ ಬಾಣ ಬಿಡುವ ಮೊದಲೇ ಮುಗ್ಗರಿಸಿದಾಗ. ತಂಗಿಯೊಡನೆಯಾಗಲಿ ಗೆಳೆಯರೊಡನೆಯಾಗಲಿ ಅವನು ಒರಟಾಗಿ ನಡೆದುಕೊಳ್ಳುವುದಿಲ್ಲವೆಂದು ತಾಯಿಯೇ ಒಪ್ಪಿದ ಮೇಲೆ, ಈ ನಗುವನ್ನು ಕ್ರೌರ್ಯವೆನ್ನಲು ನನಗೆ ಆಧಾರ ಉಳಿಯಲಿಲ್ಲ.

ಹೆತ್ತವರನ್ನು ಹೊರಗೆ ಕೂರಿಸಿ ಮಾತನಾಡಿಸಿದಾಗ ಅವನು ಹೇಳಿದ್ದು ಇಷ್ಟು: “ಇದರಲ್ಲಿ ಸೋತರೆ ಯಾರೂ ಬೈಯೋದಿಲ್ಲ ಮೇಡಂ. ಸೋತರೂ ನಗು ಬರುತ್ತೆ.” ಅಂಕ ಕಡಿಮೆಯಾದಂದಿನಿಂದ ಮನೆಯಲ್ಲಿ ಅವನ ಪ್ರತಿಯೊಂದು ತಪ್ಪಿಗೂ ವಿಚಾರಣೆ ನಡೆಯುತ್ತಿತ್ತು. ತಪ್ಪು ಮಾಡಿಯೂ ಹಗುರವಾಗಿರಬಹುದಾದ ಒಂದೇ ಜಾಗ ಆ ಆಟವಾಗಿತ್ತು.

ಹಾಗೆಂದು ಆಟದಿಂದ ತೊಂದರೆಯೇ ಇಲ್ಲವೆನ್ನಲಾಗದು. ಸುತ್ತುಗಳು ಚಿಕ್ಕವು, ಕೂದಲೆಳೆಯಷ್ಟರಲ್ಲಿ ತಪ್ಪಿದ ಬಾಣವು ಸೋಲಿನಂತೆ ಕಾಣದೆ, ಇನ್ನೇನು ಗೆದ್ದೆನೆಂಬ ಭಾವ ಹುಟ್ಟಿಸಿ ಮುಂದಿನ ಸುತ್ತಿಗೆ ಎಳೆಯುತ್ತದೆ. ಹೀಗಾಗಿ ಅವನ ನಿದ್ದೆ ಕೆಟ್ಟಿತ್ತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವು ಗೇಮಿಂಗ್ ಅಸ್ವಸ್ಥತೆಯನ್ನು ಗುರುತಿಸಲು ಆಟದ ಮೇಲಿನ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಸುವುದು ಎಂಬ ಲಕ್ಷಣಗಳನ್ನು ಕೇಳುತ್ತದೆ. ಅವು ಸಾಮಾನ್ಯವಾಗಿ 12 ತಿಂಗಳಾದರೂ ಕಂಡಿರಬೇಕು. ಊಟಕ್ಕೆ ಕರೆದರೆ ಎದ್ದು ಬರುವ, ಗೆಳೆಯರು ಬಂದರೆ ಮೊಬೈಲ್ ಕೆಳಗಿಡುವ ಈ ಬಾಲಕನಿಗೆ ಆ ಹೆಸರು ಹಚ್ಚುವುದು ಅನ್ಯಾಯವಾಗುತ್ತಿತ್ತು.

ಆಟವನ್ನು ಪೂರ್ತಿ ನಿಲ್ಲಿಸುವುದು ಬೇಡವೆಂದೆ. ಎಷ್ಟು ಸುತ್ತು ಎಂಬುದನ್ನು ಆಟ ತೆರೆಯುವ ಮೊದಲೇ ಅವನು ಹೇಳಬೇಕು. ಕೊನೆಯ ಬಾಣ ತಪ್ಪಿತೆಂಬುದು ಇನ್ನೊಂದು ಸುತ್ತಿಗೆ ಕಾರಣವಾಗಬಾರದು. ರಾತ್ರಿ ಮನೆಯವರೆಲ್ಲರ ಮೊಬೈಲ್‌ಗಳೂ ಮಲಗುವ ಕೋಣೆಯಿಂದ ಹೊರಗಿರಬೇಕು, ತಂದೆಯದೂ ಸೇರಿ. ತಂದೆ ಆಗಾಗ ಮಗನ ಜೊತೆ ಇಬ್ಬರಾಡುವ ವಿಧಾನದಲ್ಲಿ ಆಡಿ ಸೋಲಬೇಕು; ಉತ್ತರಪತ್ರಿಕೆ ನೋಡುವಾಗ ಅಂಕಕ್ಕಿಂತ ಮೊದಲು ಲೆಕ್ಕ ಮಾಡಿದ ಹಂತಗಳನ್ನು ನೋಡಬೇಕು. ಗಾಳಿಯ ತಡೆಯಿಲ್ಲದ ಸಮತಟ್ಟಿನಲ್ಲಿ 45 ಡಿಗ್ರಿಗೆ ಬಿಟ್ಟ ಬಾಣವೇ ಅತಿ ದೂರ ಹೋಗುವುದೆಂಬುದನ್ನು ಇದರಿಂದಲೇ ಕಲಿಸಬಹುದಲ್ಲವೇ ಎಂದು ತಂದೆ ಉತ್ಸಾಹದಿಂದ ಕೇಳಿದರು. ಅವನಾಗಿ ಕೇಳುವವರೆಗೆ ಬೇಡವೆಂದೆ, ಏಕೆಂದರೆ ಆಟವನ್ನೂ ಪಾಠ ಮಾಡಿದರೆ ಅಲ್ಲಿಯೂ ಪರೀಕ್ಷೆ ಶುರುವಾಗುತ್ತದೆ.

ಮುಂದಿನ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು. ಗಣಿತದ ಅಂಕ ಏರಿರಲಿಲ್ಲ. ಅದಕ್ಕೆ ಶಿಕ್ಷಕರೊಡನೆ ಪ್ರತ್ಯೇಕವಾಗಿ ಮಾತನಾಡಲು ಸೂಚಿಸಿದ್ದೇನೆ.